ತೂತು ಹುಡುಕಬೇಡಿ, ಕೀಲ್ ನೋಡಿ

ಚೊನಾನ್ ಹಡಗನ್ನು ಮುಳುಗಿಸಿದ್ದು ಟಾರ್ಪೆಡೊ (ನೀರೊಳಗೆ ಸಾಗಿ ಸಿಡಿಯುವ ಅಸ್ತ್ರ) ಅಂದಿದ್ದ ಕಳೆದ ವಿಡಿಯೋ ಕೆಳಗೆ ಒಂದು ಕಾಮೆಂಟ್: "ಟಾರ್ಪೆಡೊ ಬಡಿದಿದ್ದರೆ ತೂತು ಎಲ್ಲಿ? ಸುಟ್ಟ ಕಲೆ ಎಲ್ಲಿ?" ಅದಕ್ಕೆ ಲೈಕುಗಳ ಸುರಿಮಳೆ ಬೇರೆ. ಕೋಪ ಬರುತ್ತೆ ರೀ, 46 ನಾವಿಕರು ಸತ್ತ ಘಟನೆ ಇದು.

ದಕ್ಷಿಣ ಕೊರಿಯಾದ ಚೊನಾನ್, 88 ಮೀಟರ್ ಉದ್ದದ ಯುದ್ಧನೌಕೆ. 2010ರ ಮಾರ್ಚ್ 26ರ ರಾತ್ರಿ ಬೆಂಗ್ನ್ಯೊಂಗ್ ದ್ವೀಪದ ಹತ್ತಿರ ಎರಡು ಹೋಳಾಯ್ತು. ಇದ್ದ 104 ಜನರಲ್ಲಿ ಬದುಕಿದ್ದು 58.

ತೂತು ಹುಡುಕಬೇಡಿ, ಕೀಲ್ ನೋಡಿ, ಅಂದ್ರೆ ಹಡಗಿನ ತಳದುದ್ದಕ್ಕೂ ಇರೋ ಬೆನ್ನೆಲುಬು. ಇಂಥ ಟಾರ್ಪೆಡೊ ಹಡಗನ್ನು ಮುಟ್ಟೋದೇ ಇಲ್ಲ, ತಳದ ಕೆಳಗೆ ಸಿಡಿಯುತ್ತೆ. ಮೊದಲು ಆಘಾತದ ಅಲೆ. ಹಿಂದೆಯೇ ಅನಿಲದ ಗುಳ್ಳೆ ಉಬ್ಬಿ ಹಡಗಿನ ನಡುಭಾಗವನ್ನು ಮೇಲೆತ್ತುತ್ತೆ. ಸುತ್ತಲ ನೀರಿನ ಒತ್ತಡಕ್ಕೆ ಗುಳ್ಳೆ ಕುಗ್ಗಿದ ಕೂಡಲೇ ಅದೇ ನಡುಭಾಗ ಆಸರೆಯಿಲ್ಲದೆ ಕುಸಿಯುತ್ತೆ, ಕೆಳಗಿಂದ ನೀರಿನ ಧಾರೆ ನುಗ್ಗುತ್ತೆ. ಒಮ್ಮೆ ಮೇಲಕ್ಕೆ ಬಾಗಿ, ಒಮ್ಮೆ ಕೆಳಕ್ಕೆ ಬಾಗಿ, ಕೀಲ್ ಕಬ್ಬಿನ ಜಲ್ಲೆ ಥರ ಲಟಕ್! ಬೆಂಕಿ ಒಳಗೆ ಬಂದೇ ಇಲ್ಲ, ಇನ್ನು ಸುಡೋದೇನು?

ಅಂತರರಾಷ್ಟ್ರೀಯ ತಜ್ಞರೂ ಇದ್ದ ಜಂಟಿ ತನಿಖಾ ತಂಡ ಹೇಳಿದ್ದೂ ಇದೇ: ಗ್ಯಾಸ್ ಟರ್ಬೈನ್ (ಎಂಜಿನ್) ಕೋಣೆಯ ನಡುವಿನಿಂದ 3 ಮೀಟರ್ ಎಡಕ್ಕೆ, 6ರಿಂದ 9 ಮೀಟರ್ ಆಳದಲ್ಲಿ ಸ್ಫೋಟ. ತಳದ ತಗಡು ಮೇಲ್ಮುಖವಾಗಿ ಬಾಗಿತ್ತು. ವಿದ್ಯುತ್ ತಂತಿ ಕರಗದೇ ಕಡಿದಿತ್ತು.

"ಬಂಡೆಗೆ ಬಡಿದಿರಬಹುದು" ಅಂತಾರೆ. ಬಂಡೆಗೆ ಉಜ್ಜಿದರೆ ತಳದುದ್ದಕ್ಕೂ ಗೀರು ಬೀಳಬೇಕು, ಸೋನಾರ್ ಗುಮ್ಮಟ (ಶಬ್ದದಿಂದ ನೀರೊಳಗೆ ಹುಡುಕುವ ಸಾಧನದ ಹೊದಿಕೆ, ತಳದಲ್ಲಿರುತ್ತೆ) ಒಡೀಬೇಕು. ಗುಮ್ಮಟ ಅಖಂಡವಾಗಿತ್ತು! "ಒಳಗೇ ಮದ್ದು ಸಿಡಿದಿರಬಹುದು." ಆಗ ತಗಡು ಹೊರಕ್ಕೆ ಬಾಗಬೇಕು. ಮದ್ದಿನ ಕೋಣೆಯೂ ಇಂಧನ ಟ್ಯಾಂಕೂ ಹಾಗೇ ಇದ್ದವು. "ಹಳೇ ಹಡಗು, ಲೋಹ ದಣಿದು ಸೀಳಿತು." ದಣಿದ ಲೋಹ ತಳವನ್ನು ಮೇಲಕ್ಕೆ ತಳ್ಳುತ್ತಾ ಸ್ವಾಮಿ?

ಸಮುದ್ರದಲ್ಲಿಟ್ಟ ಮೈನ್ (ಹಡಗಿಗಾಗಿ ಕಾದು ಸಿಡಿಯುವ ಬಾಂಬ್) ಕೂಡ ಹಡಗನ್ನು ಹೀಗೇ ಮುರಿಯುತ್ತೆ, ಅಷ್ಟು ಒಪ್ಪುತ್ತೇನೆ. ಆದರೆ ಮೇ 15ರಂದು ಮೀನುಗಾರಿಕೆ ದೋಣಿಗಳ ಬಲೆಗೆ ಸಿಕ್ಕಿದ್ದು ಟಾರ್ಪೆಡೊದ ಪ್ರೊಪೆಲ್ಲರ್, ಮೋಟಾರ್. ಮೈನ್‌ಗೆ ಪ್ರೊಪೆಲ್ಲರ್ ಯಾಕೆ? ತನಿಖಾ ತಂಡ ಅದು ಉತ್ತರ ಕೊರಿಯಾದ್ದು ಅಂತು, ಉತ್ತರ ಕೊರಿಯಾ ತನ್ನದಲ್ಲ ಅಂತು. ಅನ್ನಲಿ ಬಿಡಿ.

ಇನ್ನೂ ತೂತು ಬೇಕಾ? 1999ರಲ್ಲಿ ಆಸ್ಟ್ರೇಲಿಯಾ ತನ್ನ ನಿವೃತ್ತ ಹಡಗು ಟೊರೆನ್ಸ್ ಕೆಳಗೆ ಮಾರ್ಕ್ 48 ಟಾರ್ಪೆಡೊ ಸಿಡಿಸಿತು. ನೀರಿನ ಗೋಡೆ ಎದ್ದು ಹಡಗು ನಡು ಮುರಿದುಕೊಂಡಿತು. ಕೀಲ್ ರೀ, ಕೀಲ್! ಸ್ಫೋಟ ಆಗಿದ್ದರೆ ಸತ್ತ ಮೀನು ಯಾಕೆ ತೇಲಲಿಲ್ಲ, ಅದು ಇದು, ಯಾವುದೂ ಬೇಡ ನನಗೆ. ಟೊರೆನ್ಸ್ ಲಿಂಕ್ ಡಿಸ್ಕ್ರಿಪ್ಷನ್‌ನಲ್ಲಿದೆ. ಒತ್ತಿ, ನೋಡಿ, ಆಮೇಲೆ ವಾದಕ್ಕೆ ಬನ್ನಿ.