ಕಲಬುರಗಿಯ ಬಿಸಿಲು, ಮನೆಯಲ್ಲೇ ಜೋಡಿಸಿದ ಕಂಪ್ಯೂಟರ್

ಕೇಳುಗರಿಗೆ ನಮಸ್ಕಾರ. ನಾನು ಕಲಬುರಗಿಯವನು. ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 42 ಡಿಗ್ರಿ ಮುಟ್ಟೋದು ಹೊಸದೇನಲ್ಲ. ಮಧ್ಯಾಹ್ನ ಮನೆಯೊಳಗೇ 37 ಇರುತ್ತದೆ. ಅಂಥ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡವರಿಗೆ, ಅದರಲ್ಲೂ ಬಿಡಿಭಾಗ ತಂದು ತಾವೇ ಜೋಡಿಸಿಕೊಂಡ ಹುಡುಗ ಹುಡುಗಿಯರಿಗೆ, ಇವತ್ತು ನಾಲ್ಕು ಮಾತು.

ಪ್ರೊಸೆಸರ್ ಅಂದರೆ ಕಂಪ್ಯೂಟರಿನ ಮುಖ್ಯ ಚಿಪ್. ಅದರ ಮೇಲೆ ಕೂರುವ ಲೋಹದ ಹೀಟ್‌ಸಿಂಕ್, ಫ್ಯಾನ್ ಇವು ತಂಪನ್ನು ಹುಟ್ಟಿಸುವುದಿಲ್ಲ. ಪ್ರೊಸೆಸರ್‌ನ ಬಿಸಿಯನ್ನು ಕೋಣೆಯ ಗಾಳಿಗೆ ದಾಟಿಸುತ್ತವೆ, ಅಷ್ಟೇ. ನೀರು ಹರಿಯುವ ಕೂಲರ್ ಹಾಕಿದರೂ ಅದೇ ಲೆಕ್ಕ. ಯೂಟ್ಯೂಬ್‌ನಲ್ಲಿ ಯಾರೋ 22 ಡಿಗ್ರಿಯ ಎಸಿ ಕೋಣೆಯಲ್ಲಿ ಕೂತು ಪ್ರೊಸೆಸರ್ 65 ಡಿಗ್ರಿ ಅಂತ ತೋರಿಸಿದರೆ, ಅದೇ ಕೂಲರ್ ನಿಮ್ಮ 37 ಡಿಗ್ರಿ ಕೋಣೆಯಲ್ಲಿ ಹತ್ತಿರ ಹತ್ತಿರ 80 ತೋರಿಸುತ್ತದೆ. ಅದೇನೂ ಕೆಟ್ಟಿಲ್ಲ. ಅದಕ್ಕೇ ನಾನು ಪ್ರೊಸೆಸರ್‌ನ ಡಿಗ್ರಿಯೊಂದನ್ನೇ ನೋಡುವುದಿಲ್ಲ, ಕೋಣೆಗಿಂತ ಎಷ್ಟು ಜಾಸ್ತಿ ಅಂತ ನೋಡುತ್ತೇನೆ. ಮಿತಿಯೂ ಒಂದೊಂದಕ್ಕೆ ಒಂದೊಂದು: ಎಎಂಡಿ ಕಂಪನಿಯ ರೈಜೆನ್ 5 5600 ಪ್ರೊಸೆಸರ್‌ಗೆ 90 ಡಿಗ್ರಿ, ಇಂಟೆಲ್ ಐ5 12400ಕ್ಕೆ 100. ಮಿತಿ ಮುಟ್ಟಿದರೆ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ, ಆಗ ನಿಮ್ಮ ಕೆಲಸ ತಡವಾಗುತ್ತದೆ.

ನಮ್ಮ ಓಣಿಯಲ್ಲಿ ಒಬ್ಬ ಹುಡುಗ ಇದ್ದಾನೆ, ಮದುವೆ ವಿಡಿಯೋ ಎಡಿಟ್ ಮಾಡುತ್ತಾನೆ. ಅವನದು ಅದೇ ರೈಜೆನ್ 5 5600. ಹೋದ ಬೇಸಿಗೆಯಲ್ಲಿ ಓಡಿ ಬಂದ. "ಅಣ್ಣಾ, 89 ಬರ್ಲಾಕತ್ತದ, ವಾಟರ್ ಕೂಲರ್ ತರಿಸ್ಲೇನ್ರಿ?" ದುಡ್ಡು ಕಷ್ಟಪಟ್ಟು ಕೂಡಿಟ್ಟಿದ್ದ, ಸುಮ್ನೆ ಖರ್ಚಾಗಬಾರದು ಅಂತ ಹೋಗಿ ನೋಡಿದೆ. ರೆಂಡರ್, ಅಂದರೆ ಎಡಿಟ್ ಆದ ವಿಡಿಯೋವನ್ನು ಕಂಪ್ಯೂಟರ್ ಪೂರ್ತಿ ತಯಾರು ಮಾಡುವ ಕೆಲಸ, ನಡೆಯುತ್ತಿರುವಾಗಲೇ ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದೆವು. ಹತ್ತು ನಿಮಿಷದಲ್ಲಿ 78ಕ್ಕೆ ಇಳಿಯಿತು! ಅಂದರೆ ಕೂಲರ್ ಸರಿ ಇದೆ, ಅದಕ್ಕೆ ಹೊಸ ಗಾಳಿ ಸಿಗುತ್ತಿಲ್ಲ. ಯಾಕೆ ಅಂತ ಹುಡುಕಿದರೆ ಕ್ಯಾಬಿನೆಟ್ ಗೋಡೆಗೆ ಅಂಟಿಕೊಂಡಿತ್ತು, ಹಿಂದಿನಿಂದ ಹೊರಬಿದ್ದ ಬಿಸಿ ಗಾಳಿಗೆ ದಾರಿಯೇ ಇರಲಿಲ್ಲ, ಮೇಲಾಗಿ ಮುಂದಿನ ಫ್ಯಾನ್ ತಿರುಗುಮುರುಗಾಗಿ ಕೂತಿತ್ತು. ಸಾಮಾನ್ಯವಾಗಿ ಫ್ಯಾನ್‌ನ ಯಾವ ಬದಿಯಲ್ಲಿ ಮೋಟಾರನ್ನು ಹಿಡಿದ ಕಡ್ಡಿಗಳಿವೆಯೋ ಆ ಬದಿಯಿಂದ ಗಾಳಿ ಹೊರಬರುತ್ತದೆ. ಮುಂದಿನಿಂದ ಒಳಗೆ, ಹಿಂದಿನಿಂದ ಮತ್ತು ಮೇಲಿನಿಂದ ಹೊರಗೆ, ಹೀಗಿರಬೇಕು. ನಾಲ್ಕು ಸ್ಕ್ರೂ ಬಿಚ್ಚಿ ಫ್ಯಾನ್ ತಿರುಗಿಸಿದೆವು, ಕ್ಯಾಬಿನೆಟ್ ಗೋಡೆಯಿಂದ ಒಂದು ಗೇಣು ಮುಂದೆ ತಂದೆವು. ಬಾಗಿಲು ಮುಚ್ಚಿಯೂ 79ರಲ್ಲಿ ನಿಂತಿತು. ಒಂದು ಪೈಸೆ ಖರ್ಚಾಗಲಿಲ್ಲ.

ಬಾಗಿಲು ತೆಗೆದರೂ ಇಳಿಯಲಿಲ್ಲ, ಕೆಲಸ ಕೊಟ್ಟ ಒಂದೆರಡು ಸೆಕೆಂಡಿನಲ್ಲೇ ಮಿತಿಗೆ ಹಾರುತ್ತದೆ ಅಂದರೆ ಬೇರೆ ಕಥೆ. ಆಗ ಪ್ರೊಸೆಸರ್‌ಗೂ ಕೂಲರ್‌ಗೂ ಸರಿಯಾಗಿ ತಾಗಿಲ್ಲ. ಕೂಲರ್ ಬಿಚ್ಚಿ ನೋಡಿ. ಅದರ ತಳದ ಪ್ಲಾಸ್ಟಿಕ್ ಹಾಳೆ ತೆಗೆಯದೇ ಕೂರಿಸಿದವರು ತುಂಬಾ ಜನ. ಪ್ರೊಸೆಸರ್‌ನ ಬಿಸಿ ಕೂಲರ್‌ಗೆ ಚೆನ್ನಾಗಿ ದಾಟಲಿ ಅಂತ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಇರುತ್ತದಲ್ಲ, ಹಳೆಯದನ್ನು ಒರೆಸಿ, ನಡುವೆ ತೊಗರಿ ಕಾಳಿನಷ್ಟು ಹೊಸದು ಹಾಕಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಧೂಳನ್ನು ಎರಡು ಮೂರು ತಿಂಗಳಿಗೊಮ್ಮೆ ಕರೆಂಟ್ ತೆಗೆದು ಬ್ರಷ್‌ನಿಂದ ಜಾಡಿಸಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ತಡೆಯಿರಿ, ಇಲ್ಲದಿದ್ದರೆ ಅದು ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗಬಹುದು.

ಇನ್ನು ಮನೆಯ ಏರ್ ಕೂಲರ್. ಅದು ಕೋಣೆ ತಂಪು ಮಾಡಿದಷ್ಟೂ ಪ್ರೊಸೆಸರ್‌ಗೆ ಒಳ್ಳೆಯದೇ, ಆದರೆ ಅದರ ಬಾಯಿಯನ್ನು ನೇರ ಕ್ಯಾಬಿನೆಟ್ ಕಡೆ ತಿರುಗಿಸಬೇಡಿ. ನೀರಿನ ಹನಿ ಹಾರಿ ಬರುತ್ತದೆ, ಮದರ್‌ಬೋರ್ಡ್ ಸುಟ್ಟರೆ ಯಾರು ಕೊಡ್ತಾರೆ? ಕಿಟಕಿ ಚೂರು ತೆರೆದಿರಲಿ.

ನಮ್ಮ ಓಣಿಯ ಹುಡುಗ ಈಗ ದೊಡ್ಡ ರೆಂಡರ್‌ಗಳನ್ನೆಲ್ಲ ಬೆಳಗಿನ ಜಾವ ಹಚ್ಚುತ್ತಾನೆ. ಆಗ ಅವನ ಕೋಣೆ 30 ಡಿಗ್ರಿ, ಪ್ರೊಸೆಸರ್ 72. ನಮಸ್ಕಾರ.