3 ಲಕ್ಷದ ಕಾರು, 15 ಲಕ್ಷದ ಹಸಿವು

ನಮಸ್ಕಾರ. ಶಿರಸಿಯ ಹತ್ತಿರದ ನಮ್ಮ ಮನೆಯ ಅಂಗಳದಲ್ಲಿ, ಚಾಲಿ ಅಡಿಕೆ ಒಣಗಿಸುವ ಜಾಗದ ಪಕ್ಕಕ್ಕೆ, 2011ನೇ ಇಸವಿಯ ಒಂದು ಸ್ಕೋಡಾ ಲಾರಾ ಡೀಸೆಲ್ ಕಾರು ನಿಂತಿದೆ. ಹೊಸದಾಗಿದ್ದಾಗ ತೆರಿಗೆ, ವಿಮೆ ಎಲ್ಲ ಸೇರಿ ಅದರ ಬೆಲೆ 15 ಲಕ್ಷ ರೂಪಾಯಿ ದಾಟಿತ್ತು. ಸೆಕೆಂಡ್ ಹ್ಯಾಂಡ್ ಆಗಿ ನಾನು ಕೊಟ್ಟದ್ದು 3 ಲಕ್ಷದ 10 ಸಾವಿರ. ಈ ಲೆಕ್ಕ ಕೇಳಿದವರು ಹುಬ್ಬೇರಿಸಿ, ತಮಗೂ ಇಂಥದ್ದೊಂದು ಹುಡುಕಿಕೊಡಿ ಎನ್ನುತ್ತಾರೆ. ಹುಡುಕಿಕೊಡುವ ಮೊದಲು ನಾನು ಅವರಿಗೆ ಹೇಳುವುದು ಇಷ್ಟೇ: ಕಾರಿನ ಬೆಲೆ ಇಳಿಯುತ್ತದೆ, ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. 3 ಲಕ್ಷಕ್ಕೆ ಸಿಕ್ಕ ಕಾರು 15 ಲಕ್ಷದ ಕಾರಿನ ಹಸಿವನ್ನೇ ಇಟ್ಟುಕೊಂಡು ಮನೆಗೆ ಬರುತ್ತದೆ. ಆದ್ದರಿಂದ ಕೈಯಲ್ಲಿ ನಾಲ್ಕೂವರೆ ಲಕ್ಷ ಇದ್ದವರು 3 ಲಕ್ಷದ ಕಾರನ್ನು ನೋಡಬೇಕೇ ಹೊರತು ನಾಲ್ಕೂವರೆ ಲಕ್ಷದ್ದನ್ನಲ್ಲ.

ನನ್ನ ಮೊದಲ ವರ್ಷದ ಖರ್ಚನ್ನು ಮುಚ್ಚಿಡದೆ ಹೇಳುತ್ತೇನೆ. ಇಂಜಿನ್ನಿನ ವಾಲ್ವುಗಳನ್ನು ಪಿಸ್ಟನ್ನಿನ ತಾಳಕ್ಕೆ ಸರಿಯಾಗಿ ಆಡಿಸುವ ಟೈಮಿಂಗ್ ಬೆಲ್ಟ್, ಅದನ್ನು ಬಿಗಿ ಹಿಡಿಯುವ ಟೆನ್ಷನರ್, ವಾಟರ್ ಪಂಪ್ ಸೇರಿ 24 ಸಾವಿರ. 16 ಇಂಚಿನ ನಾಲ್ಕು ಟಯರಿಗೆ 32 ಸಾವಿರ. ಮುಂದಿನ ಶಾಕ್ ಅಬ್ಸಾರ್ಬರ್ ಮತ್ತು ಬುಷ್‌ಗಳಿಗೆ 28 ಸಾವಿರ. ಕ್ಲಚ್ ಜೊತೆಗೆ, ಇಂಜಿನ್ನಿನ ಅದುರನ್ನು ತಡೆಯುವ ಡ್ಯುಯಲ್ ಮಾಸ್ ಫ್ಲೈವೀಲ್ ಎಂಬ ಚಕ್ರವನ್ನು ಬದಲಿಸಿದ್ದಕ್ಕೆ 68 ಸಾವಿರ. ಸಣ್ಣಪುಟ್ಟದ್ದನ್ನು ಬಿಟ್ಟೇ ಒಂದೂವರೆ ಲಕ್ಷ ದಾಟಿತು, ಅಂದರೆ ಕೊಂಡ ಬೆಲೆಯ ಅರ್ಧ. ಕಾರು ಕೆಟ್ಟದಾಗಿತ್ತು ಎಂದು ಇದರ ಅರ್ಥವಲ್ಲ. ಹಿಂದಿನ ಯಜಮಾನರು ಮಾಡಿಸದೆ ಮುಂದೂಡುತ್ತ ಬಂದ ಕೆಲಸಗಳೆಲ್ಲ ನನ್ನ ಪಾಲಿಗೆ ಬಂದವು. ಇಂಥ ಕಾರುಗಳು ಮಾರಾಟಕ್ಕೆ ಬರುವುದೇ ಸಾಮಾನ್ಯವಾಗಿ ದೊಡ್ಡದೊಂದು ಖರ್ಚು ಬಾಗಿಲಿಗೆ ಬಂದು ನಿಂತಾಗ.

ಹಾಗಿದ್ದರೆ ಡೀಸೆಲ್ಲೇ ಏಕೆ ಬೇಕು ಎಂದು ಕೇಳಬಹುದು. ಅಡಿಕೆ, ಕಾಳುಮೆಣಸಿನ ವ್ಯವಹಾರಕ್ಕೆಂದು ನಾನು ವಾರಕ್ಕೆರಡು ಸಲ ಹುಬ್ಬಳ್ಳಿಗೋ ಕುಮಟೆಗೋ ಹೋಗುತ್ತೇನೆ. ಹುಬ್ಬಳ್ಳಿ ಇಲ್ಲಿಂದ ಸುಮಾರು 100 ಕಿಲೋಮೀಟರ್, ಕುಮಟೆ ಸುಮಾರು 60, ನಡುವೆ ದೇವಿಮನೆ ಘಟ್ಟ. ನಾಲ್ಕು ಜನ ಕೂತು, ಡಿಕ್ಕಿಯಲ್ಲಿ ಎರಡು ಮೂಟೆ ಹೇರಿಕೊಂಡು ಘಟ್ಟ ಹತ್ತುವಾಗ, ಎರಡು ಸಾವಿರ ಆರ್‌ಪಿಎಮ್ ಕೂಡ ದಾಟದೆ ಮೂರನೇ ಗೇರಿನಲ್ಲಿ ಎಳೆದುಕೊಂಡು ಹೋಗುವ ಆ ಶಕ್ತಿಯನ್ನು ಇದೇ ಬೆಲೆಯ ಸಣ್ಣ ಪೆಟ್ರೋಲ್ ಕಾರು ಕೊಡುವುದಿಲ್ಲ. ಅರಬೈಲು ಘಟ್ಟದಲ್ಲಿ ಅದಿರಿನ ಲಾರಿಯ ಹಿಂದೆ ತೆವಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಪೇಟೆಯಲ್ಲಿ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಶಾಲೆಗೆ, ದಿನಕ್ಕೆ ನಾಲ್ಕು ಕಿಲೋಮೀಟರ್ ಓಡಿಸುವವರು ಡೀಸೆಲ್ ಕಾರನ್ನು ಕೊಳ್ಳಲೇಬಾರದು. ಇಂಜಿನ್ ಸರಿಯಾಗಿ ಕಾಯುವ ಮೊದಲೇ ಆರಿಸುತ್ತ ಹೋದರೆ ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವಿನಲ್ಲಿ ಮಸಿ ಕಟ್ಟುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್ 6 ಮಾನದಂಡದ ಡೀಸೆಲ್ ಕಾರಾದರೆ ಹೊಗೆ ಸೋಸುವ ಡಿಪಿಎಫ್ ಕೂಡ ಇರುತ್ತದೆ. ಅದರೊಳಗೆ ಕೂತ ಮಸಿ ಸುಟ್ಟುಹೋಗಬೇಕಾದರೆ ಆಗಾಗ ಹೆದ್ದಾರಿಯಲ್ಲಿ ಬಿಡದೆ ಓಡಲೇಬೇಕು. ಪೇಟೆ ಓಡಾಟದಲ್ಲಿ ಕಟ್ಟಿಕೊಂಡ ಡಿಪಿಎಫ್ ಬದಲಿಸುವ ಖರ್ಚಿನಲ್ಲಿ ಒಂದು ಒಳ್ಳೆಯ ಸ್ಕೂಟರ್ ಬರುತ್ತದೆ.

ನಾನು ಹೇಗೆ ಮೋಸಹೋದೆ ಎಂಬುದನ್ನೂ ಹೇಳಿಬಿಡುತ್ತೇನೆ. ಕಾರನ್ನು ಹುಬ್ಬಳ್ಳಿಯ ಒಬ್ಬ ವ್ಯಾಪಾರಿಯಿಂದ ಕೊಂಡೆ, ಹೆಸರು ಬೇಡ. ಮಧ್ಯಾಹ್ನ ಎರಡು ಗಂಟೆಗೆ ಹೋದೆ, ಕಾರು ಆಗಲೇ ಚಾಲೂ ಆಗಿತ್ತು, ಏಸಿ ತಣ್ಣಗೆ ಬೀಸುತ್ತಿತ್ತು, ಬಾನೆಟ್ಟಿನ ಒಳಗೆ ಎಲ್ಲವೂ ಪಾಲಿಶ್ ಹಚ್ಚಿ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಆ ಮಿಂಚನ್ನು ನೋಡಿ ನಾನು ಖುಷಿಪಟ್ಟೆ. ಹೆದರಬೇಕಿತ್ತು. ಒಂದು ತಿಂಗಳು ಕಳೆದು, ಜುಲೈ ತಿಂಗಳ ಜಡಿಮಳೆಯಲ್ಲಿ ದೇವಿಮನೆ ಘಟ್ಟ ಹತ್ತುತ್ತಿದ್ದಾಗ, ಒಂದು ತಿರುವಿನಲ್ಲಿ ಕಾರು ದಣಿದ ಎತ್ತಿನಂತೆ ಇದ್ದಕ್ಕಿದ್ದಂತೆ ಬಲ ಕಳೆದುಕೊಂಡಿತು. ಡ್ಯಾಶ್‌ಬೋರ್ಡಿನಲ್ಲಿ ಸುರುಳಿಯಾಕಾರದ ಹಳದಿ ದೀಪ ಮಿಣುಕತೊಡಗಿತು. ಎಷ್ಟು ಒತ್ತಿದರೂ ವೇಗ ಏರಲೊಲ್ಲದು, ಹಿಂದೆ ಲಾರಿಯವನ ಹಾರ್ನ್, ಪಕ್ಕದಲ್ಲಿ ಧರೆಯಿಂದ ಇಳಿಯುತ್ತಿರುವ ಕೆಂಪು ನೀರು. ಲಿಂಪ್ ಮೋಡ್ ಎನ್ನುವುದು ಇದಕ್ಕೇ: ತನ್ನೊಳಗೆ ಏನೋ ತಪ್ಪಿದೆ ಎಂದು ಗೊತ್ತಾದ ಕೂಡಲೇ ಇಂಜಿನ್ನಿನ ಕಂಪ್ಯೂಟರ್ ಶಕ್ತಿಯನ್ನು ಕಡಿಮೆ ಮಾಡಿಬಿಡುತ್ತದೆ.

ಕುಂಟುತ್ತ ಶಿರಸಿಗೆ ಬಂದ ಕಾರಿನ ಕೆಳಗೆ ನಮ್ಮ ಮೆಕ್ಯಾನಿಕ್ ಮಲಗಿ ಕೈಯಾಡಿಸಿದರು. ಹತ್ತೇ ನಿಮಿಷ. ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೋದಿಂದ, ಅದನ್ನು ತಣಿಸುವ ಇಂಟರ್‌ಕೂಲರಿಗೆ ಗಾಳಿ ಒಯ್ಯುವ ದಪ್ಪ ರಬ್ಬರ್ ಪೈಪಿನಲ್ಲಿ ಬೆರಳುದ್ದದ ಸೀಳು ಇತ್ತು, ಅದಕ್ಕೆ ಕಪ್ಪು ಟೇಪು ಸುತ್ತಿ, ಮೇಲೆ ಅದೇ ಪಾಲಿಶ್ ಬಳಿಯಲಾಗಿತ್ತು. ಟೇಪಿನ ಅಂಚಿನಲ್ಲಿ ಜಿನುಗಿದ ಎಣ್ಣೆಗೆ ಧೂಳು ಮೆತ್ತಿ ಮಸಿಯಾಗಿತ್ತು. ಪೈಪಿನ ಬೆಲೆ ಐದು ಸಾವಿರದೊಳಗೆ, ಆದರೆ ಅದು ಬರಲು ಎಂಟು ದಿನ ಕಾಯಬೇಕಾಯಿತು. ಆ ಎಂಟು ದಿನ ಬಸ್ಸಿನಲ್ಲಿ ಓಡಾಡುತ್ತ ನಾನು ಕಲಿತದ್ದೆಂದರೆ, ನಮ್ಮಂಥ ಊರಿನವರು ಕಾರನ್ನು ಆರಿಸುವ ಮೊದಲು ಮೆಕ್ಯಾನಿಕ್ಕನ್ನು ಆರಿಸಬೇಕು. ಆ ಕಂಪನಿಯ ಕಾರುಗಳಿಗೆ ಹೊಂದುವ ಸ್ಕ್ಯಾನರ್ ಅವರ ಬಳಿ ಇದೆಯೇ, ಭಾಗಗಳನ್ನು ಎಲ್ಲಿಂದ ತರಿಸುತ್ತಾರೆ ಎಂದು ಕೇಳಿ, ಅವರು ‘ಆ ಮಾಡೆಲ್ ಬೇಡ’ ಎಂದರೆ ಅಲ್ಲಿಗೇ ಬಿಡಬೇಕು. ಕಂಪನಿಯ ಸರ್ವಿಸ್ ಬೇಕೆಂದರೆ ಶಿರಸಿಯವರು ಹುಬ್ಬಳ್ಳಿಗೆ, ಕಾರವಾರದವರು ಗೋವಾಕ್ಕೆ, ಭಟ್ಕಳದವರು ಮಂಗಳೂರಿನ ಕಡೆಗೆ ಹೋಗಬೇಕಾದ ಜಿಲ್ಲೆ ನಮ್ಮದು. ಟೋಯಿಂಗ್ ಗಾಡಿಯ ಬಾಡಿಗೆಯನ್ನೂ ಕಾರಿನ ಬೆಲೆಗೆ ಸೇರಿಸಿಯೇ ನೋಡಬೇಕು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಾರೆ. ಕೆಟ್ಟು ನಿಂತ ಇಂಥ ಕಾರಿಗೆ ಎರಡನೆಯ ಸಾವಿರ ಇಲ್ಲ.

ಯಾವ ಮಾಡೆಲ್ ಎಂಬ ಪ್ರಶ್ನೆಗೆ ಬರುತ್ತೇನೆ. ಲಾರಾ ಎನ್ನುವುದು ಬೇರೆ ದೇಶಗಳಲ್ಲಿ ಎರಡನೆಯ ತಲೆಮಾರಿನ ಆಕ್ಟೇವಿಯಾ ಎಂದೇ ಮಾರಾಟವಾದ ಕಾರು. ಇಲ್ಲಿ ಹಳೆಯ ಆಕ್ಟೇವಿಯಾ ಇನ್ನೂ ಮಾರಾಟದಲ್ಲಿದ್ದ ಕಾರಣ ಹೆಸರು ಬದಲಾಯಿತು. ಭಾಗಗಳನ್ನು ಹುಡುಕುವಾಗ ಈ ಸಂಗತಿ ಬಹಳ ಉಪಯೋಗಕ್ಕೆ ಬರುತ್ತದೆ. ಸೂಪರ್ಬ್ ಡೀಸೆಲ್ ಅದಕ್ಕಿಂತ ವಿಶಾಲ, ಅದರ 140 ಅಶ್ವಶಕ್ತಿಯ ಇಂಜಿನ್ ಗಟ್ಟಿ, ಆದರೆ ಉದ್ದ ಹೆಚ್ಚು. ನಮ್ಮ ತೋಟದ ದಾರಿಗಳಲ್ಲಿ ಹೊಟ್ಟೆ ತಾಗುತ್ತದೆ. ಸ್ಕೋಡಾ ಫೋಕ್ಸ್‌ವ್ಯಾಗನ್ ಸಮೂಹಕ್ಕೆ ಸೇರಿದ ಕಂಪನಿ, ಈ ಬಳಗದ ಯಾವ ಡೀಸೆಲ್ ಕಾರನ್ನು ಕೊಂಡರೂ ಒಂದು ಪ್ರಶ್ನೆ ಕೇಳಿ: 2015ರಲ್ಲಿ ಫೋಕ್ಸ್‌ವ್ಯಾಗನ್ ಸಮೂಹದ ಹೊಗೆ ಪರೀಕ್ಷೆಯ ಮೋಸ ಬಯಲಾದ ಮೇಲೆ ಭಾರತದಲ್ಲಿ 3 ಲಕ್ಷ 23 ಸಾವಿರಕ್ಕೂ ಹೆಚ್ಚು ಡೀಸೆಲ್ ಕಾರುಗಳನ್ನು ಸಾಫ್ಟ್‌ವೇರ್ ಸರಿಪಡಿಸಲು ವಾಪಸ್ ಕರೆಯುವುದಾಗಿ ಕಂಪನಿ ಘೋಷಿಸಿತ್ತು, ಆ ಸಾಫ್ಟ್‌ವೇರ್ ಕೆಲಸ ಈ ಕಾರಿಗೆ ಆಗಿದೆಯೇ?

ಗೇರಿನ ವಿಷಯದಲ್ಲಿ ನಾನು ಹಟಮಾರಿ. ಬಜೆಟ್ ಬಿಗಿಯಾಗಿದ್ದರೆ ಮ್ಯಾನುವಲ್ ಮಾತ್ರ. ಡಿಎಸ್‌ಜಿ ಎಂಬ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಓಡಿಸಲು ಬಲು ಸೊಗಸು, ಅಲ್ಲಗಳೆಯುವುದಿಲ್ಲ. ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನ ಆರು ಗೇರಿನದಾದರೆ, 60 ಸಾವಿರ ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಿದ ಬಿಲ್ಲುಗಳಿದ್ದರೆ, ಯೋಚಿಸಬಹುದು. ವೆಂಟೋ ಡೀಸೆಲ್‌ನಂಥವುಗಳಲ್ಲಿದ್ದ ಒಣ ಕ್ಲಚ್ಚಿನ ಏಳು ಗೇರಿನದ್ದರ ಗೇರು ಬದಲಿಸುವ ಮೆಕಾಟ್ರಾನಿಕ್ ಘಟಕ ಕೈಕೊಟ್ಟರೆ ಬರುವ ಬಿಲ್ಲು ಲಕ್ಷದ ಮಾತು. ಬಿಎಂಡಬ್ಲ್ಯು 320ಡಿ ಬಗ್ಗೆ ಕೇಳುವ ಹುಡುಗರು ಬಹಳ. 2010ರ ಆಸುಪಾಸಿನ ಆ ಕಾರುಗಳ ಎನ್47 ಇಂಜಿನ್ನಿನಲ್ಲಿ ಬೆಲ್ಟಿನ ಕೆಲಸವನ್ನೇ ಮಾಡುವ ಟೈಮಿಂಗ್ ಚೈನು ಸವೆದು ತುಂಡಾಗುವ ಕುಖ್ಯಾತ ದೋಷವಿದೆ, ಸಾಲದ್ದಕ್ಕೆ ಆ ಚೈನು ಇರುವುದು ಇಂಜಿನ್ನಿನ ಹಿಂಭಾಗದಲ್ಲಿ, ಗೇರ್‌ಬಾಕ್ಸಿನ ಕಡೆಗೆ. ಅದನ್ನು ಬದಲಿಸಲು ಸಾಮಾನ್ಯವಾಗಿ ಇಂಜಿನ್ನನ್ನೇ ಹೊರತೆಗೆಯಬೇಕಾಗುತ್ತದೆ. ಷೆವರ್ಲೆ ಕ್ರೂಜ್ ಡೀಸೆಲ್ ಕೈಗೆಟುಕುವ ಬೆಲೆಗೆ ಸಿಗುತ್ತದೆ, ಇಂಜಿನ್ನಿನಲ್ಲಿ ಹುಲಿಯ ಶಕ್ತಿ, ಆದರೆ ಕಂಪನಿ 2017ರ ಕೊನೆಗೇ ಭಾರತದಲ್ಲಿ ಮಾರಾಟ ನಿಲ್ಲಿಸಿತು. ಒಂದು ಹೆಡ್‌ಲೈಟ್ ಒಡೆದರೆ ಊರೂರು ಅಲೆಯಬೇಕು. ಇನ್ನು, ತಲೆನೋವೇ ಬೇಡ ಎನ್ನುವವರಿಗೆ ಟೊಯೋಟಾ ಕೊರೋಲಾ ಆಲ್ಟಿಸ್ ಡೀಸೆಲ್ ಇದೆ. ಅದರ 1.4 ಲೀಟರ್ ಇಂಜಿನ್ ಘಟ್ಟದಲ್ಲಿ ಗೇರು ಇಳಿಸು ಎಂದು ಕೇಳುತ್ತಲೇ ಇರುತ್ತದೆ, ಓಡಿಸುವುದು ಸಪ್ಪೆ, ಆದರೆ ದಾರಿಯಲ್ಲಿ ಕೈಬಿಡುವ ಜಾತಿಯದ್ದಲ್ಲ.

ಕರಾವಳಿಯ ಕಾರನ್ನು ಕೊಳ್ಳುವವರಿಗೆ ಬೇರೆಯೇ ಪಾಠವಿದೆ. ಕಾರವಾರದಲ್ಲಿ ಕಡಲ ದಂಡೆಗೆ ಹತ್ತಿರವಾಗಿ ಹತ್ತು ವರ್ಷ ಬಯಲಲ್ಲಿ ನಿಂತ ಕಾರಿನ ಬಣ್ಣ ಹೊಳೆಯಬಹುದು, ಅಡಿಭಾಗದ ಕಥೆ ಬೇರೆ ಇರುತ್ತದೆ. ಜಾಕ್ ಕೊಡುವ ಜಾಗಗಳು, ಹಿಂದಿನ ಸ್ಪ್ರಿಂಗ್ ಕೂರುವ ಬಟ್ಟಲು, ಬ್ರೇಕ್ ಪೈಪುಗಳು, ಬಾಗಿಲ ಕೆಳಗಿನ ಪಟ್ಟಿ, ಇಷ್ಟನ್ನು ಟಾರ್ಚ್ ಹಿಡಿದು ಮಲಗಿಯೇ ನೋಡಬೇಕು. ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೆ ಬೆರಳ ಗೆಣ್ಣಿನಿಂದ ತಟ್ಟಿ. ತುಕ್ಕು ತಿಂದ ತಗಡಿನ ಸದ್ದು ಮಂಕು. ಘಟ್ಟದ ಮೇಲಿನ ಕಾರುಗಳ ಶತ್ರು ಎಲೆ ಮತ್ತು ಇಲಿ. ಮುಂದಿನ ಗಾಜಿನ ಬುಡದಲ್ಲಿರುವ ನೀರಿನ ತೂತಿಗೆ ಹಲಸಿನ ಮರದ ಎಲೆ ಕೊಳೆತು ಕೂತರೆ, ಮಳೆ ನೀರು ಒಳಗಿಳಿದು ಕಾರ್ಪೆಟ್ಟಿನ ಕೆಳಗೆ ನಿಲ್ಲುತ್ತದೆ. ಕಾರ್ಪೆಟ್ ಎತ್ತಿ ಕೈಯಿಟ್ಟು ನೋಡಿ, ಸೀಟಿನ ಹಳಿಗಳಲ್ಲಿ ತುಕ್ಕಿದ್ದರೆ ನೀರು ನಿಂತದ್ದು ಖಂಡಿತ. ಇಲಿಯ ಬಗ್ಗೆ ಹೆಚ್ಚು ಹೇಳಲಾರೆ. ಅಡಿಕೆಯ ಪಕ್ಕದಲ್ಲಿ ಕಾರು ನಿಲ್ಲಿಸುವ ನನಗೆ ಆ ಹಕ್ಕಿಲ್ಲ.

ಕಾಗದಪತ್ರದಲ್ಲಿ ಮೋಸಹೋಗುವವರು ಇಂಜಿನ್ನಿನಲ್ಲಿ ಮೋಸಹೋಗುವವರಿಗಿಂತ ಕಡಿಮೆಯೇನಲ್ಲ. ದೆಹಲಿ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್ ಕಾರು ಓಡಿಸುವಂತಿಲ್ಲ ಎಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ, ಅಲ್ಲಿನ ಕಾರುಗಳು ದಕ್ಷಿಣಕ್ಕೆ ಅಗ್ಗವಾಗಿ ಇಳಿಯತೊಡಗಿದವು. ಮಾಜಾಳಿ ಗಡಿ ದಾಟಿದರೆ ಗೋವಾ ನೋಂದಣಿಯ ಕಾರುಗಳ ಆಸೆ ಬೇರೆ. ಹೊರರಾಜ್ಯದ ಕಾರನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಮರುನೋಂದಣಿ ಮಾಡಿಸಲೇಬೇಕು, ಅದಕ್ಕೆ ಮೂಲ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಜೊತೆಗೆ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಆ ತೆರಿಗೆಯನ್ನು ಲೆಕ್ಕಹಾಕುವುದು ನೀವು ಕೊಟ್ಟ ಬೆಲೆಯ ಮೇಲಲ್ಲ. ಕಾರು ಹೊಸದಾಗಿದ್ದಾಗಿನ ಬೆಲೆಯ ಮೇಲೆ, ವಯಸ್ಸಿಗೆ ತಕ್ಕ ರಿಯಾಯಿತಿ ಕಳೆದು. 40 ಲಕ್ಷದ ಕಾರನ್ನು 5 ಲಕ್ಷಕ್ಕೆ ತಂದವರು ಕಾರವಾರದ ಆರ್‌ಟಿಒ ಕಚೇರಿಯಲ್ಲಿ ಬೆವರುವುದು ಇಲ್ಲಿಯೇ. ಕಾರವಾರ, ಶಿರಸಿಯಲ್ಲೇ ನೋಂದಣಿಯಾದ ಕೆಎ 30 ಅಥವಾ ಕೆಎ 31 ನಂಬರಿನ ಕಾರಿಗೆ 50 ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ. ಕಾರಿಗೆ 15 ವರ್ಷ ಹತ್ತಿರವಾಗಿದ್ದರೆ ನೋಂದಣಿ ನವೀಕರಣಕ್ಕೆ ಇನ್ನೊಂದು 5 ಸಾವಿರ ಶುಲ್ಕ, ಜೊತೆಗೆ ಫಿಟ್‌ನೆಸ್ ತಪಾಸಣೆ.

ಇಷ್ಟೆಲ್ಲ ಹೇಳಿದ ಮೇಲೂ ನನಗೆ ಇಂಥ ಕಾರುಗಳ ಮೋಹ ಬಿಟ್ಟಿಲ್ಲ. ವರ್ಗವಾಗಿ ಹೋಗುವ ಅಧಿಕಾರಿಗಳು ಕೈಗಾ, ನೌಕಾನೆಲೆಯ ಕಡೆ ಮಾರುವ ಕಾರುಗಳ ಮೇಲೆ ನನಗೆ ಯಾವತ್ತೂ ಕಣ್ಣು. ಅವರಲ್ಲಿ ಅನೇಕರು ಸರ್ವಿಸ್ ಬಿಲ್ಲುಗಳನ್ನು ಫೈಲಿನಲ್ಲಿ ತಾರೀಖಿನ ಪ್ರಕಾರ ಜೋಡಿಸಿಟ್ಟಿರುತ್ತಾರೆ. ಟೈಮಿಂಗ್ ಬೆಲ್ಟ್ ಬದಲಿಸಿದ್ದಕ್ಕೆ ಬಿಲ್ಲಿದ್ದರೆ ಬದಲಿಸಿದಂತೆ, ಇಲ್ಲದಿದ್ದರೆ ಬಾಯಿಮಾತು; ಅದು ಹರಿದರೆ ಪಿಸ್ಟನ್ನು ವಾಲ್ವಿಗೆ ಬಡಿದು ಇಂಜಿನ್ನಿನ ತಲೆಯೇ ಹಾಳಾಗುತ್ತದೆ. ಕಾರವಾರದ ಪರಿಚಿತರೊಬ್ಬರು ನಾಳೆ ಒಂದು ಸೂಪರ್ಬ್ ತೋರಿಸುವವರಿದ್ದಾರೆ, ನನ್ನ ಭಾವನಿಗಾಗಿ. ಬೆಳಿಗ್ಗೆ ಆರೂವರೆಗೆ ಬರುತ್ತೇನೆ, ಅಲ್ಲಿಯವರೆಗೆ ಕಾರನ್ನು ಯಾರೂ ಚಾಲೂ ಮಾಡಬಾರದು, ತೊಳೆಯಲೂಬಾರದು ಎಂದು ಫೋನಿನಲ್ಲಿ ಹೇಳಿದ್ದೇನೆ; ಮೊದಲೇ ಕಾಯಿಸಿಟ್ಟ, ತೊಳೆದು ಮಿಂಚಿಸಿದ ಇಂಜಿನ್ ತನ್ನ ದೋಷಗಳನ್ನು ಮುಚ್ಚಿಡುತ್ತದೆ. ಹೋದೊಡನೆ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡುತ್ತೇನೆ. ತಗಡು ಬೆಚ್ಚಗಿದ್ದರೆ ಅಲ್ಲೇ ಎಲ್ಲಾದರೂ ಚಹಾ ಕುಡಿದು ವಾಪಸ್ ಶಿರಸಿಗೆ.