ವಿದ್ಯಾಸುಂದರಿ ಬೆಂಗಳೂರು ನಾಗರತ್ನಮ್ಮ

ಕೇಳುಗರಿಗೆ ನಮಸ್ಕಾರ. ಕಲೆಯ ಪೋಷಕರೆಂದರೆ ನಮಗೆ ಥಟ್ಟನೆ ನೆನಪಾಗುವವರು ಅರಸರು, ಸಿರಿವಂತರು. ತಾವೇ ಹಾಡಿ ಗಳಿಸಿದ್ದನ್ನು ಮತ್ತೆ ಸಂಗೀತಕ್ಕೇ ಸುರಿದವರು ವಿರಳ. ಅಂಥವರಲ್ಲಿ ಬೆಂಗಳೂರು ನಾಗರತ್ನಮ್ಮನವರ ಹೆಸರನ್ನು ನಾನು ಮೊದಲಿಗೇ ಹೇಳುತ್ತೇನೆ.

1878ರಲ್ಲಿ ನಂಜನಗೂಡಿನ ದೇವದಾಸಿ ಮನೆತನದಲ್ಲಿ ಹುಟ್ಟಿದ ಈ ಹುಡುಗಿಯನ್ನು ತಂದೆ ಕೈಬಿಟ್ಟರೂ ತಾಯಿ ಪುಟ್ಟಲಕ್ಷ್ಮಿ ಛಲದಿಂದ ಓದಿಸಿದರು. ಸಂಸ್ಕೃತ, ತೆಲುಗು, ನೃತ್ಯ, ಪಿಟೀಲು ಎಲ್ಲವೂ ಆಕೆಗೆ ಒಲಿದವು. ಬೆಂಗಳೂರಿನಲ್ಲಿ ಸಂಗೀತ ಕಲಿಸಿದ ಮುನಿಸ್ವಾಮಪ್ಪನವರು ಕರ್ನಾಟಕ ಸಂಗೀತದ ಮಹಾನ್ ವಾಗ್ಗೇಯಕಾರ ತ್ಯಾಗರಾಜರ ವಾಲಾಜಾಪೇಟೆ ಶಿಷ್ಯಪರಂಪರೆಗೆ ಸೇರಿದವರು. ಮೈಸೂರು ಅರಮನೆಯ ಮನ್ನಣೆ ಬಂತು. ಮುಂದೆ ಮದರಾಸಿನಲ್ಲಿ ನೆಲೆ, ಕಛೇರಿಗಳು, ಹರಿಕಥೆಗಳು, ಕೈತುಂಬ ಸಂಪಾದನೆ.

ಆಕೆಯ ವಿದ್ವತ್ತು ಬರಿಯ ಅಲಂಕಾರವಾಗಿರಲಿಲ್ಲ. ತಂಜಾವೂರು ಆಸ್ಥಾನದ ಕವಯಿತ್ರಿ ಮುದ್ದುಪಳನಿ ಹದಿನೆಂಟನೆಯ ಶತಮಾನದಲ್ಲಿ ರಚಿಸಿದ ‘ರಾಧಿಕಾ ಸಾಂತ್ವನಮು’ ಎಂಬ ತೆಲುಗು ಶೃಂಗಾರಕಾವ್ಯದ ಅಚ್ಚಾದ ಪ್ರತಿಯಲ್ಲಿ ಪದ್ಯಗಳು ಬಿಟ್ಟುಹೋಗಿದ್ದುದನ್ನು ಕಂಡು, ಮೂಲದೊಡನೆ ಹೋಲಿಸಿ, 1910ರಲ್ಲಿ ಪೂರ್ಣಪಾಠವನ್ನು ಪ್ರಕಟಿಸಿದರು. ಶೃಂಗಾರವನ್ನು ಗಂಡಸು ಬರೆದರೆ ಕಾವ್ಯ, ಹೆಣ್ಣು ಬರೆದರೆ ಮಾತ್ರ ನಾಚಿಕೆಗೇಡು ಹೇಗಾದೀತು ಎಂಬುದು ಅವರ ವಾದ. ಸರ್ಕಾರ ಅಶ್ಲೀಲವೆಂದು ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ಮದರಾಸಿನ ರಾಜಕೀಯ ನಾಯಕ ಟಂಗುಟೂರಿ ಪ್ರಕಾಶಂ ಅವರ ಪ್ರಯತ್ನದಿಂದ ಆ ನಿಷೇಧ ತೆರವಾಗಲು 1947 ಬರಬೇಕಾಯಿತು!

ತಿರುವಯ್ಯಾರಿನಲ್ಲಿ ಕಾವೇರಿಯ ದಡದ ತ್ಯಾಗರಾಜರ ಸಮಾಧಿ ಪಾಳುಬಿದ್ದಿದೆ ಎಂಬ ಸುದ್ದಿ ಮೈಸೂರಿನ ಗಾಯಕ ಬಿಡಾರಂ ಕೃಷ್ಣಪ್ಪನವರಿಂದ ತಲುಪಿದಾಗ ನಾಗರತ್ನಮ್ಮನವರಿಗೆ ನಲವತ್ತು ದಾಟಿತ್ತು. ಸ್ವಪ್ನದಲ್ಲಿ ಆದೇಶವಾಯಿತೆಂದೂ ಹೇಳುತ್ತಾರೆ. ಗುರುಪರಂಪರೆಯ ಋಣವೊಂದೇ ಸಾಕಿತ್ತೆಂದು ನನಗನ್ನಿಸುತ್ತದೆ. 1921ರಲ್ಲಿ ಕೆಲಸ ಆರಂಭಿಸಿ, ಒಡವೆ, ಉಳಿತಾಯಗಳನ್ನೆಲ್ಲ ತೊಡಗಿಸಿ, ಗುಡಿ ಕಟ್ಟಿಸಿ 1925ರಲ್ಲಿ ಕುಂಭಾಭಿಷೇಕ ಮಾಡಿಸಿದರು. ಸಂಸ್ಕೃತದಲ್ಲಿ ತ್ಯಾಗರಾಜರ ಅಷ್ಟೋತ್ತರ ನಾಮಾವಳಿಯನ್ನೂ ತಾವೇ ರಚಿಸಿದರು.

ವಿಚಿತ್ರವೆಂದರೆ, ತ್ಯಾಗರಾಜರ ಪುಣ್ಯತಿಥಿಗೆ ಪ್ರತಿವರ್ಷ ಹಾಡಿ ಆರಾಧನೆ ನಡೆಸುತ್ತಿದ್ದ ಸಂಗೀತಗಾರರ ಎರಡು ಬಣಗಳಲ್ಲಿ ಯಾವುದೂ ಹೆಂಗಸರಿಗೆ ಅಲ್ಲಿ ಹಾಡಲು ಅವಕಾಶ ಕೊಡಲಿಲ್ಲ. ಕಟ್ಟಿಸಿದಾಕೆಯೇ ಕೇಳುಗರ ಸಾಲಿನಲ್ಲಿ ಕೂರಬೇಕೆಂಬ ಏರ್ಪಾಡನ್ನು ಅವರು ಒಪ್ಪದೆ, 1927ರಲ್ಲಿ ಸಮಾಧಿಯ ಹಿಂಬದಿಯಲ್ಲಿ ಹೆಂಗಸರದೇ ಆರಾಧನೆ ಆರಂಭಿಸಿ, ಜನ ಅದನ್ನು ‘ಪೆಣ್ಗಳ್ ಕಚ್ಚಿ’, ಎಂದರೆ ಹೆಂಗಸರ ಬಣ, ಎಂದು ಕರೆಯುವಂತೆ ಮಾಡಿದರು. ಅದೇ ವರ್ಷಗಳಲ್ಲಿ ಮದರಾಸು ಶಾಸನಸಭೆಯಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ಮಸೂದೆ ಬಂದಾಗ, ಸುಧಾರಣೆಯ ಹೆಸರಿನಲ್ಲಿ ತಮ್ಮವರ ಕಲೆಯೂ ಮಾನವೂ ಒಟ್ಟಿಗೇ ಹೋಗುವುದೆಂದು ವಾದಿಸಿದವರಲ್ಲಿ ಅವರೂ ಒಬ್ಬರು. ಆ ವಾದವನ್ನು ಇಂದು ಪೂರ್ತಿ ಒಪ್ಪುವುದು ಕಷ್ಟ, ತಳ್ಳಿಹಾಕುವುದೂ ಕಷ್ಟ.

ಬಣಗಳು ಒಂದಾದದ್ದು 1940ರ ಸುಮಾರಿಗೆ. ಆಮೇಲೆ ಹೆಂಗಸರಿಗೂ ಅಲ್ಲಿ ಹಾಡುವ ಅವಕಾಶ ದೊರೆಯಿತು. 1952ರ ಮೇ 19ರಂದು ಅವರು ತೀರಿಕೊಂಡರು. ತಮ್ಮ ಆಸ್ತಿಯನ್ನು ಆರಾಧನೆಗೇ ಬಿಟ್ಟ ಅವರ ಉಯಿಲಿನಲ್ಲಿ, ದೇವದಾಸಿಯರೂ ಸೇರಿದಂತೆ ಹೆಂಗಸರಿಗೆ ಅಲ್ಲಿ ಸೇವೆ ಸಲ್ಲಿಸುವ ಹಕ್ಕಿರತಕ್ಕದ್ದೆಂಬ ಷರತ್ತಿದೆ.